ಡಿಸ್ಕ್ರೀಟ್ ಮ್ಯಾಥಮೆಟಿಕ್ಸ್: ಹೊಸ ಬ್ಯಾಚ್‌ನವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ಸೆಮಿಸ್ಟರ್‌ನ ಮೊದಲ ಎರಡು ವಾರ ಇದೇ ಪ್ರಶ್ನೆಗಳು ಬರುತ್ತವೆ. ಕ್ಲಾಸ್ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಕೇಳುವವರು ಕೆಲವರು. ರಾತ್ರಿ ಹತ್ತು ಗಂಟೆಗೆ ಮೆಸೇಜ್ ಹಾಕುವವರು ಕೆಲವರು. ನೀವು ಬಿಇ ಓದುತ್ತಿರಲಿ, ಬಿಸಿಎ ಇರಲಿ, ಬಿಎಸ್ಸಿ ಕಂಪ್ಯೂಟರ್ ಸೈನ್ಸ್ ಇರಲಿ, ವಿಷಯ ಹೆಚ್ಚುಕಡಿಮೆ ಒಂದೇ. ಹೆಸರು ಮಾತ್ರ ಕೆಲವು ಕಡೆ ಡಿಸ್ಕ್ರೀಟ್ ಮ್ಯಾಥಮೆಟಿಕ್ಸ್, ಕೆಲವು ಕಡೆ ಡಿಸ್ಕ್ರೀಟ್ ಮ್ಯಾಥಮೆಟಿಕಲ್ ಸ್ಟ್ರಕ್ಚರ್ಸ್. ಹುಡುಗರ ಬಾಯಲ್ಲಿ ಅದು ಡಿಎಂಎಸ್. ಕ್ಲಾಸಿನಲ್ಲಿ ಅವಸರದಲ್ಲಿ ಹೇಳುವ ಉತ್ತರಗಳನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಬರೆದಿದ್ದೇನೆ.

ಡಿಸ್ಕ್ರೀಟ್ ಅಂದ್ರೆ ಏನು? ಇದು ಯಾವ ಥರದ ಗಣಿತ?

ಅಕ್ಕಿಯನ್ನು ಅಳೆಯುತ್ತೇವೆ, ತೆಂಗಿನಕಾಯಿಯನ್ನು ಎಣಿಸುತ್ತೇವೆ. ಎರಡು ಕೆಜಿಗೂ ಮೂರು ಕೆಜಿಗೂ ನಡುವೆ ಎಷ್ಟು ತೂಕ ಬೇಕಾದರೂ ಇರಬಹುದು. ಎರಡು ಕಾಯಿಗೂ ಮೂರು ಕಾಯಿಗೂ ನಡುವೆ ಏನೂ ಇಲ್ಲ. ಪಿಯುಸಿಯಲ್ಲಿ ಓದುವ ಕ್ಯಾಲ್ಕುಲಸ್ ಅಳೆಯುವವರ ಗಣಿತ. ಡಿಸ್ಕ್ರೀಟ್ ಎಣಿಸುವವರ ಗಣಿತ. ಇಲ್ಲಿರುವುದೆಲ್ಲ ಬಿಡಿ ಬಿಡಿಯಾಗಿ ನಿಲ್ಲುವ ವಸ್ತುಗಳು: ಪೂರ್ಣಾಂಕಗಳು, ಹೌದು-ಇಲ್ಲ ಎನ್ನುವ ಉತ್ತರಗಳು, ಅಕ್ಷರಗಳ ಸಾಲು, ಊರುಗಳು ಮತ್ತು ಅವುಗಳ ನಡುವಿನ ರಸ್ತೆಗಳು. ಕಂಪ್ಯೂಟರ್ ಒಳಗೆ ಎಲ್ಲವೂ 0 ಮತ್ತು 1. ಅದಕ್ಕೇ ಕಂಪ್ಯೂಟರ್ ಓದುವವರಿಗೆ ಇದನ್ನು ಮೊದಲೇ ಕಲಿಸುತ್ತಾರೆ.

ಏನೇನು ಬರುತ್ತೆ?

ಲಾಜಿಕ್, ಗಣಗಳು (ಸೆಟ್), ಸಂಬಂಧಗಳು (ರಿಲೇಷನ್), ಫಂಕ್ಷನ್, ಇಂಡಕ್ಷನ್, ಎಣಿಕೆ, ರಿಕರೆನ್ಸ್, ಗ್ರಾಫ್. ಕೆಲವು ಕಡೆ ಗ್ರೂಪ್ ಥಿಯರಿಯೂ ಸ್ವಲ್ಪ ಇರುತ್ತದೆ. ಕ್ರಮ ಹಿಂದುಮುಂದಾಗಬಹುದು. ನಿಮ್ಮ ಸಿಲಬಸ್ ಒಮ್ಮೆ ನೋಡಿಕೊಳ್ಳಿ.

ಪಿಯುಸಿಯಲ್ಲಿ ಗಣಿತ ಅಷ್ಟಕ್ಕಷ್ಟೇ. ಡಿಪ್ಲೊಮಾದಿಂದ ನೇರ ಎರಡನೇ ವರ್ಷಕ್ಕೆ ಬಂದೆ. ನನ್ನಿಂದ ಆಗುತ್ತಾ?

ಆಗುತ್ತೆ. ಡಿಫರೆನ್ಸಿಯೇಷನ್, ಇಂಟಿಗ್ರೇಷನ್ ಇಲ್ಲಿ ಬೇಕಾಗುವುದೇ ಇಲ್ಲ ಎನ್ನಬಹುದು. ಕೂಡುವುದು, ಗುಣಿಸುವುದು, ಭಾಗಿಸಿ ಶೇಷ ನೋಡುವುದು, ಸ್ವಲ್ಪ ಬೀಜಗಣಿತ, ಇಷ್ಟು ಬಂದರೆ ಸಾಕು. ಪಿಯುಸಿಯಲ್ಲಿ ನೂರಕ್ಕೆ ನೂರು ತೆಗೆದವರೂ ಇಲ್ಲಿ ಹೊಸದಾಗಿ ಕಲಿಯಬೇಕು. ಯಾಕೆಂದರೆ ಅಲ್ಲಿಯವರೆಗೆ ಪ್ರಶ್ನೆ "ಉತ್ತರ ಎಷ್ಟು?" ಎಂದಿತ್ತು, ಇಲ್ಲಿ ಪ್ರಶ್ನೆ "ಯಾಕೆ?" ಎಂದು ಬದಲಾಗುತ್ತದೆ. ಲೆಕ್ಕ ಬೇಗ ಮಾಡುವ ಅಭ್ಯಾಸ ಇದ್ದವರಿಗೆ ಮೊದಲ ತಿಂಗಳು ಕಷ್ಟ ಆಗುವುದನ್ನು ನೋಡಿದ್ದೇನೆ. ನಿಧಾನವಾಗಿ ಓದಿ, ಒಂದೊಂದು ಸಾಲಿಗೂ ತಡೆದು ಪ್ರಶ್ನೆ ಕೇಳುವವರಿಗೆ ಈ ವಿಷಯ ಒಲಿಯುತ್ತದೆ.

ಲಾಜಿಕ್‌ನಲ್ಲಿ "ಸುಳ್ಳಿನಿಂದ ಏನು ಬಂದರೂ ನಿಜ" ಅಂತಾರಲ್ಲ, ಅದು ಹೇಗೆ ಸರಿ?

ಒಂದು ಮಾತು ಯಾವಾಗ ನಿಜ, ಯಾವಾಗ ಸುಳ್ಳು ಎಂದು ತೋರಿಸುವ ಪಟ್ಟಿ, ಅಂದರೆ ಟ್ರೂತ್ ಟೇಬಲ್ ಬರೆದ ದಿನವೇ ಈ ಪ್ರಶ್ನೆ ಬರುತ್ತದೆ, ಬರಬೇಕು ಕೂಡ. "ಮಳೆ ಬಂದರೆ ಕೊಡೆ ತರುತ್ತೇನೆ" ಎಂದು ಅಕ್ಕ ನಿಮಗೆ ಮಾತು ಕೊಟ್ಟಿದ್ದಾಳೆ ಎಂದುಕೊಳ್ಳಿ. ಅವಳು ಮಾತು ತಪ್ಪಿದಳು ಎಂದು ನೀವು ಯಾವಾಗ ಜಗಳ ಆಡಬಹುದು? ಮಳೆ ಬಂತು, ಕೊಡೆ ತರಲಿಲ್ಲ. ಆ ಒಂದೇ ಸಂದರ್ಭದಲ್ಲಿ. ಮಳೆ ಬರಲೇ ಇಲ್ಲ, ಆದರೂ ಕೊಡೆ ತಂದಳು: ಮಾತು ತಪ್ಪಿಲ್ಲ. ಮಳೆ ಬರಲಿಲ್ಲ, ಕೊಡೆಯೂ ತರಲಿಲ್ಲ: ಆಗಲೂ ತಪ್ಪಿಲ್ಲ. ಟೇಬಲ್‌ನ ನಾಲ್ಕು ಸಾಲಿನಲ್ಲಿ ಒಂದು ಮಾತ್ರ ಸುಳ್ಳಾಗುವುದು ಇದಕ್ಕೇ.

ನಮ್ಮ ಆಡುಮಾತಿನ ಒಂದು ತೊಡಕನ್ನೂ ಇಲ್ಲೇ ಹೇಳಬೇಕು. "ಎಲ್ಲರೂ ಬಂದಿಲ್ಲ" ಎಂದರೆ ಏನು? ಕೆಲವರು ಬಂದಿದ್ದಾರೆ, ಕೆಲವರು ಬರಬೇಕು ಎಂದೇ? ಅಥವಾ ಒಬ್ಬರೂ ಬಂದಿಲ್ಲ ಎಂದೇ? ಕನ್ನಡದಲ್ಲಿ ಎರಡೂ ಅರ್ಥಕ್ಕೆ ಎಳೆಯಬಹುದು. ಗಣಿತದಲ್ಲಿ ಹಾಗೆ ಬಿಡುವಂತಿಲ್ಲ. "ಎಲ್ಲರೂ ಬಂದಿದ್ದಾರೆ" ಎಂಬುದರ ನಿರಾಕರಣೆ "ಬಾರದವರು ಒಬ್ಬರಾದರೂ ಇದ್ದಾರೆ" ಎಂಬುದು. "ಯಾರೂ ಬಂದಿಲ್ಲ" ಎಂದು ಬರೆದರೆ ತಪ್ಪು. ಅನುಮಾನ ಬಂದಾಗ ವಾಕ್ಯವನ್ನು ಕನ್ನಡದಲ್ಲಿ ಬಿಡಿಸಿ ಬರೆದುಕೊಳ್ಳಿ, ಆಮೇಲೆ ಚಿಹ್ನೆಗೆ ಕೈ ಹಾಕಿ. ಹಾಗೇ ಮನೆಯಲ್ಲಿ "ಕಾಫಿ ಅಥವಾ ಟೀ" ಎಂದರೆ ಎರಡರಲ್ಲಿ ಒಂದು. ಲಾಜಿಕ್‌ನ "ಅಥವಾ"ದಲ್ಲಿ ಎರಡೂ ಇದ್ದರೂ ಸರಿ.

ಈ ಪಾಠದಲ್ಲಿ ಬರುವ ಡಿ ಮಾರ್ಗನ್ ನಿಯಮದ ಅಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು 1806ರಲ್ಲಿ, ಮದುರೈಯಲ್ಲಿ. ಪರೀಕ್ಷೆಗೆ ಬೇಡದ ಮಾಹಿತಿ, ಆದರೆ ಕೇಳಿದ ಮೇಲೆ ಆ ಹೆಸರು ಸ್ವಲ್ಪ ಹತ್ತಿರದ್ದು ಅನ್ನಿಸುತ್ತದೆ, ಅಲ್ವಾ?

ಪ್ರೂಫ್ ಬರೆಯೋದು ಹೇಗೆ? ನಾನು ಇದುವರೆಗೆ ಒಂದೂ ಬರೆದಿಲ್ಲ.

ಬರೆದಿದ್ದೀರಿ. ಎಸ್‌ಎಸ್‌ಎಲ್‌ಸಿಯಲ್ಲಿ "√2 ಒಂದು ಅಭಾಗಲಬ್ಧ ಸಂಖ್ಯೆ ಎಂದು ಸಾಧಿಸಿ" ಎಂಬ ಪ್ರಶ್ನೆ ನೆನಪಿದೆಯಾ? ಬಹಳಷ್ಟು ಜನ ಅದನ್ನು ಬಾಯಿಪಾಠ ಮಾಡಿ ಬರೆದಿರುತ್ತಾರೆ. ಈಗ ಅದನ್ನೇ ಮತ್ತೆ ತೆಗೆಯಿರಿ.

√2 = ಅ/ಬ ಎಂದುಕೊಂಡೆವು. ಅ ಮತ್ತು ಬ ಪೂರ್ಣಾಂಕಗಳು, ಅವುಗಳಿಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲ. ಎರಡೂ ಕಡೆ ವರ್ಗ ಮಾಡಿದರೆ ಅ² = 2ಬ². ಅಂದರೆ ಅ² ಸಮಸಂಖ್ಯೆ. ಬೆಸಸಂಖ್ಯೆಯ ವರ್ಗ ಬೆಸವೇ, ಹಾಗಾಗಿ ಅ ಕೂಡ ಸಮ. ಅ = 2ಕ ಎಂದು ಬರೆದರೆ 4ಕ² = 2ಬ², ಅಂದರೆ ಬ² = 2ಕ². ಬ ಕೂಡ ಸಮ ಆಯಿತು. ಎರಡಕ್ಕೂ 2 ಸಾಮಾನ್ಯ ಅಪವರ್ತನ. ಇಲ್ಲ ಎಂದು ಶುರು ಮಾಡಿದ್ದೆವು. ಆದ್ದರಿಂದ ಮೊದಲು ಅಂದುಕೊಂಡದ್ದೇ ತಪ್ಪು.

ಈಗ ನಿಜವಾದ ಕೆಲಸ. ಇದೇ ಪ್ರೂಫ್‌ನಲ್ಲಿ 2 ಇದ್ದ ಕಡೆ 4 ಹಾಕಿ ಬರೆಯಿರಿ. √4 ಅಂತೂ 2, ಅದು ಭಾಗಲಬ್ಧ. ಹಾಗಿದ್ದರೆ ಪ್ರೂಫ್ ಎಲ್ಲೋ ಮುರಿಯಲೇಬೇಕು. ಎಲ್ಲಿ? "ಅ² ಅನ್ನು 4 ಭಾಗಿಸುತ್ತದೆ, ಆದ್ದರಿಂದ ಅ ಅನ್ನೂ 4 ಭಾಗಿಸುತ್ತದೆ" ಎನ್ನುವ ಸಾಲಿನಲ್ಲಿ. ಅ = 2 ಇದ್ದರೆ ವರ್ಗ 4, ಅದನ್ನು 4 ಭಾಗಿಸುತ್ತದೆ, ಆದರೆ 2 ಅನ್ನು 4 ಭಾಗಿಸುವುದಿಲ್ಲ. ಮೂಲ ಪ್ರೂಫ್‌ನಲ್ಲಿ ನೀವು ಗಮನಿಸದೆ ದಾಟಿದ ಆ ಒಂದು ಸಾಲಿನ ಮೇಲೆ ಇಡೀ ಮನೆ ನಿಂತಿತ್ತು. ಯಾವ ಪ್ರೂಫ್ ಓದಿದರೂ ಹೀಗೆ ಮಾಡಿ. ಒಂದು ಷರತ್ತು ತೆಗೆದುಹಾಕಿ, ಎಲ್ಲಿ ಬೀಳುತ್ತದೆ ನೋಡಿ. ಐದು ಪ್ರೂಫ್ ಹೀಗೆ ಕೆಡವಿ ನೋಡಿದವರಿಗೆ ಆರನೆಯದನ್ನು ಕಟ್ಟುವ ಧೈರ್ಯ ಬರುತ್ತದೆ.

ನಾಲ್ಕೈದು ಉದಾಹರಣೆ ಹಾಕಿ ಸರಿಯಾಗಿದೆ ಅಂತ ತೋರಿಸಿದರೆ ಮಾರ್ಕ್ಸ್ ಯಾಕೆ ಕೊಡಲ್ಲ?

ನಾನು ವಿದ್ಯಾರ್ಥಿಯಾಗಿದ್ದಾಗ ಮೊದಲ ಇಂಟರ್ನಲ್ಸ್‌ನಲ್ಲಿ ಹಾಗೇ ಬರೆದಿದ್ದೆ. ನಮ್ಮ ಮೇಡಂ ಅಂಕ ಕತ್ತರಿಸಿ, ಪಕ್ಕದಲ್ಲಿ "ಮುಂದಿನ ಸಂಖ್ಯೆಗೆ?" ಎಂದಷ್ಟೇ ಬರೆದರು. ಆ ಎರಡು ಪದದಿಂದ ನನಗೆ ಈ ವಿಷಯ ಅರ್ಥವಾಗಲು ಶುರುವಾಯಿತು.

ಗಣಿತಜ್ಞ ಆಯ್ಲರ್ ಗಮನಿಸಿದ ಒಂದು ಸೂತ್ರ ಇದೆ. ಒಂದು ಸಂಖ್ಯೆ ತೆಗೆದುಕೊಳ್ಳಿ, ಅದರ ವರ್ಗಕ್ಕೆ ಅದನ್ನೇ ಕೂಡಿಸಿ, 41 ಸೇರಿಸಿ. 0 ಹಾಕಿದರೆ 41. 1 ಹಾಕಿದರೆ 43. 2 ಹಾಕಿದರೆ 47. ಎಲ್ಲವೂ ಅವಿಭಾಜ್ಯ ಸಂಖ್ಯೆಗಳು. ಹೀಗೇ 39ರವರೆಗೆ ಹೋಗಿ, ನಲವತ್ತು ಸಲವೂ ಅವಿಭಾಜ್ಯವೇ ಬರುತ್ತದೆ. 40 ಹಾಕಿದ ಕೂಡಲೇ 1681. ಅದು 41×41. ನಲವತ್ತು ಉದಾಹರಣೆ ಸರಿ ಇದ್ದೂ ಮಾತು ಸುಳ್ಳು. ನಾಲ್ಕೈದನ್ನು ನಂಬುವುದು ಹೇಗೆ?

ಉದಾಹರಣೆ ಬೇಡ ಎಂದು ಮಾತ್ರ ತಿಳಿಯಬೇಡಿ. ರಫ್ ಹಾಳೆಯಲ್ಲಿ ಸಣ್ಣ ಸಣ್ಣ ಉದಾಹರಣೆ ಹಾಕದೆ ಪ್ರೂಫ್ ಹೊಳೆಯುವುದೇ ಇಲ್ಲ. ಅವು ದಾರಿ ತೋರಿಸುತ್ತವೆ, ನಡೆಯುವ ಕೆಲಸ ನಿಮ್ಮದು. ಒಂದು ಮಾತು ಸುಳ್ಳು ಎಂದು ತೋರಿಸಬೇಕಿದ್ದರೆ ಮಾತ್ರ ಒಂದೇ ಉದಾಹರಣೆ ಸಾಕು.

ಇಂಡಕ್ಷನ್‌ನಲ್ಲಿ ಸಾಧಿಸಬೇಕಾದ್ದನ್ನೇ ಮೊದಲು ಒಪ್ಪಿಕೊಂಡ ಹಾಗಾಗುತ್ತಲ್ಲ?

ಒಳ್ಳೆಯ ಅನುಮಾನ. ಇಂಡಕ್ಷನ್ ಎಂದರೆ ಮಾತನ್ನು ಮೊದಲ ಸಂಖ್ಯೆಗೆ ತೋರಿಸಿ, ಆಮೇಲೆ ಒಂದು ಸಂಖ್ಯೆಯಿಂದ ಮುಂದಿನದಕ್ಕೆ ಹೋಗುವ ದಾರಿ ತೋರಿಸುವುದು. ಚಿಲ್ಲರೆ ಕಾಸಿನ ಲೆಕ್ಕ ನೋಡೋಣ. ನಿಮ್ಮ ಹತ್ತಿರ 2 ರೂಪಾಯಿ ಮತ್ತು 5 ರೂಪಾಯಿ ನಾಣ್ಯಗಳು ಬೇಕಾದಷ್ಟಿವೆ. ಬೇರೆ ನಾಣ್ಯ ಇಲ್ಲ. 1 ರೂಪಾಯಿ ಕೊಡಲು ಆಗುವುದಿಲ್ಲ, 3 ಕೊಡಲೂ ಆಗುವುದಿಲ್ಲ. ಆದರೆ 4ರಿಂದ ಮೇಲಿನ ಯಾವ ಮೊತ್ತವನ್ನಾದರೂ ಸರಿಯಾಗಿ ಕೊಡಬಹುದು. ಸಾಧಿಸುವುದು ಹೇಗೆ?

4ಕ್ಕೆ ಎರಡು 2ರ ನಾಣ್ಯ. ಶುರು ಆಯಿತು. ಈಗ ಯಾವುದೋ ಒಂದು ಮೊತ್ತವನ್ನು ಕೊಟ್ಟು ಮುಗಿಸಿದ್ದೀರಿ, ನಾಣ್ಯಗಳು ಮೇಜಿನ ಮೇಲಿವೆ. ಅಂಗಡಿಯವರು "ಇನ್ನೊಂದು ರೂಪಾಯಿ ಕೊಡಿ" ಎನ್ನುತ್ತಾರೆ. ಮೇಜಿನ ಮೇಲೆ 5ರ ನಾಣ್ಯ ಇದೆಯಾ? ಅದನ್ನು ತೆಗೆದು ಮೂರು 2ರ ನಾಣ್ಯ ಇಡಿ. 5 ಹೋಗಿ 6 ಬಂತು. 5ರ ನಾಣ್ಯ ಇಲ್ಲವಾ? ಹಾಗಾದರೆ ಎಲ್ಲವೂ 2ರ ನಾಣ್ಯ, ಮೊತ್ತ ಕನಿಷ್ಠ 4, ಅಂದರೆ ಕಡಿಮೆ ಎಂದರೂ ಎರಡಿವೆ. ಆ ಎರಡನ್ನು ತೆಗೆದು ಒಂದು 5 ಇಡಿ. 4 ಹೋಗಿ 5 ಬಂತು. ಎರಡು ರೀತಿಯಲ್ಲೂ ಒಂದು ರೂಪಾಯಿ ಜಾಸ್ತಿ.

ಇಲ್ಲಿ ನಾವು ಒಪ್ಪಿಕೊಂಡದ್ದು ಏನು? "ಎಲ್ಲ ಮೊತ್ತವನ್ನೂ ಕೊಡಬಹುದು" ಎಂದು ಒಪ್ಪಿಕೊಳ್ಳಲಿಲ್ಲ. "ಈ ಒಂದು ಮೊತ್ತ ಕೊಟ್ಟಾಗಿದೆ, ಮುಂದಿನದಕ್ಕೆ ಹೋಗುವುದು ಹೇಗೆ" ಎಂದು ಮಾತ್ರ ಕೇಳಿಕೊಂಡೆವು. 4ರಿಂದ 5ಕ್ಕೆ, 5ರಿಂದ 6ಕ್ಕೆ, ಅದೇ ಎರಡು ಬದಲಾವಣೆಯಲ್ಲಿ ಎಷ್ಟು ದೂರ ಬೇಕಾದರೂ ಹೋಗಬಹುದು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಹೋಗುವುದು ಮೊದಲ ಹೆಜ್ಜೆ ಬರೆಯುವುದನ್ನು ಮರೆಯುವುದರಿಂದ. ಮೊದಲ ನಾಣ್ಯಗಳನ್ನೇ ಇಡದಿದ್ದರೆ ಬದಲಾಯಿಸುವುದು ಏನನ್ನು?

ಪರ್ಮ್ಯುಟೇಷನ್ ಯಾವಾಗ, ಕಾಂಬಿನೇಷನ್ ಯಾವಾಗ? ಪ್ರತಿ ಸಲ ಗೊಂದಲ.

ಸೂತ್ರ ಪಕ್ಕಕ್ಕಿಡಿ. ಒಂದು ಪ್ರಶ್ನೆ ಕೇಳಿಕೊಳ್ಳಿ: ಜಾಗ ಅದಲುಬದಲು ಮಾಡಿದರೆ ಅದು ಬೇರೆ ಉತ್ತರ ಆಗುತ್ತದಾ? ಹತ್ತು ಜನರಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಆರಿಸಬೇಕಾದರೆ 10×9×8 = 720 ರೀತಿ. ಸುಮ್ನೆ ಮೂವರ ಸಮಿತಿ ಸಾಕು ಎಂದರೆ, ಅದೇ ಮೂವರು ಆ 720ರಲ್ಲಿ ಆರು ಸಲ ಬಂದಿದ್ದಾರೆ. 720 ಭಾಗಿಸು 6, ಅಂದರೆ 120. ಎರಡು ಸೂತ್ರಗಳ ನಡುವಿನ ವ್ಯತ್ಯಾಸ ಈ ಭಾಗಾಕಾರ ಅಷ್ಟೇ.

ಈ ಲೆಕ್ಕಗಳು ನಮ್ಮ ನೆಲಕ್ಕೆ ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ, ಇಷ್ಟರಲ್ಲಿ ಇಷ್ಟನ್ನು ಆರಿಸುವ ರೀತಿಗಳಿಗೆ ಸಾಮಾನ್ಯ ನಿಯಮವನ್ನೇ ಕೊಟ್ಟಿದ್ದಾನೆ. ಅದಕ್ಕೆ ಅವನ ಉದಾಹರಣೆ ಆರು ರುಚಿಗಳು. ಆರರಲ್ಲಿ ಎರಡನ್ನು ಬೆರೆಸಲು 15 ರೀತಿ, ಮೂರನ್ನು ಬೆರೆಸಲು 20. ಒಂದರಿಂದ ಆರರವರೆಗೆ ಎಲ್ಲ ಸೇರಿಸಿದರೆ 63. ಆ ದೊರೆಯ ರಾಜಧಾನಿ ಮಾನ್ಯಖೇಟ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯ ಕೇಳುತ್ತಾನೆ: ಹತ್ತು ಕೈಗಳ ಶಿವನ ಹತ್ತು ಆಯುಧಗಳನ್ನು ಕೈಯಿಂದ ಕೈಗೆ ಬದಲಾಯಿಸಿದರೆ ಎಷ್ಟು ಬೇರೆ ಬೇರೆ ಮೂರ್ತಿ ಆಗುತ್ತವೆ? ಉತ್ತರ 36,28,800. ನಾಲ್ಕು ಕೈಗಳ ವಿಷ್ಣುವಿಗೆ 24.

ರಿಕರೆನ್ಸ್ ರಿಲೇಷನ್ ತಲೆಗೇ ಹತ್ತುತ್ತಿಲ್ಲ.

ಹೈಸ್ಕೂಲಿನ ಕನ್ನಡ ಪೇಪರ್ ನೆನಪು ಮಾಡಿಕೊಳ್ಳಿ. "ಪ್ರಸ್ತಾರ ಹಾಕಿ ಗಣ ವಿಭಾಗ ಮಾಡಿ" ಎಂಬ ಪ್ರಶ್ನೆ ಇರುತ್ತಿತ್ತು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಈಗ ಪ್ರಶ್ನೆ: ನಾಲ್ಕು ಮಾತ್ರೆಯ ಗಣವನ್ನು ಎಷ್ಟು ರೀತಿ ಕಟ್ಟಬಹುದು?

ಕೊನೆಯ ಅಕ್ಷರ ನೋಡಿ. ಅದು ಲಘುವಾದರೆ ಹಿಂದೆ ಮೂರು ಮಾತ್ರೆ ಉಳಿಯಿತು. ಗುರುವಾದರೆ ಎರಡು ಉಳಿಯಿತು. ಹಾಗಾಗಿ ನಾಲ್ಕು ಮಾತ್ರೆಯ ಎಣಿಕೆ ಎಂದರೆ ಮೂರರದ್ದು ಮತ್ತು ಎರಡರದ್ದು ಸೇರಿ. ಒಂದು ಮಾತ್ರೆಗೆ 1, ಎರಡಕ್ಕೆ 2, ಮೂರಕ್ಕೆ 3, ನಾಲ್ಕಕ್ಕೆ 5, ಐದಕ್ಕೆ 8, ಆರಕ್ಕೆ 13, ಏಳಕ್ಕೆ 21. ಇದೇ ರಿಕರೆನ್ಸ್. ದೊಡ್ಡದನ್ನು ಅದಕ್ಕಿಂತ ಸಣ್ಣದರ ಮೇಲೆ ಕೂರಿಸುವುದು, ಅಷ್ಟೇ. ಜಗತ್ತು ಇದನ್ನು ಫಿಬೊನಾಚಿ ಸಂಖ್ಯೆಗಳು ಎನ್ನುತ್ತದೆ. ಫಿಬೊನಾಚಿ ಬರೆದದ್ದು 1202ರಲ್ಲಿ. ಅದಕ್ಕೂ ಮೊದಲೇ ಛಂದಸ್ಸಿನ ಪಂಡಿತರಾದ ವಿರಹಾಂಕ ಮತ್ತು ಹೇಮಚಂದ್ರ ಮಾತ್ರೆಗಳನ್ನು ಎಣಿಸುವಾಗ ಇದೇ ನಿಯಮ ಹೇಳಿದ್ದರು.

ಇನ್ನೊಂದು ಹೆಜ್ಜೆ ಹೋಗೋಣ, ಇದು ನನಗೆ ತುಂಬ ಇಷ್ಟವಾದ ಲೆಕ್ಕ. ಭಾಮಿನಿ ಷಟ್ಪದಿಯಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಎಂದು ಗಣಗಳು ಬರುತ್ತವೆ. ಯಾವ ಗಣ ಎಲ್ಲಿ ಬರಬಾರದು ಎಂಬ ನಿಯಮಗಳನ್ನು ಸದ್ಯಕ್ಕೆ ಬಿಡಿ. ಮೂರಕ್ಕೆ 3 ರೀತಿ, ನಾಲ್ಕಕ್ಕೆ 5 ರೀತಿ, ಒಂದು ಜೋಡಿಗೆ 3×5 = 15. ಆದರೆ ಏಳು ಮಾತ್ರೆಗೆ 21 ರೀತಿ ಎಂದಿದ್ದೆವು. ಉಳಿದ 6 ಎಲ್ಲಿ ಹೋದವು? ಮೂರನೇ ಮಾತ್ರೆ ಮತ್ತು ನಾಲ್ಕನೇ ಮಾತ್ರೆ ಸೇರಿ ಒಂದೇ ಗುರುವಾದಾಗ ಗಣ ಒಡೆಯಲು ಆಗುವುದಿಲ್ಲ. ಆ ಗುರುವಿನ ಹಿಂದೆ ಎರಡು ಮಾತ್ರೆ, ಅದಕ್ಕೆ 2 ರೀತಿ. ಮುಂದೆ ಮೂರು ಮಾತ್ರೆ, ಅದಕ್ಕೆ 3 ರೀತಿ. 2×3 = 6. ಲೆಕ್ಕ ಕೂಡಿತು. ಗುಣಾಕಾರದ ನಿಯಮ, ಸಂಕಲನದ ನಿಯಮ, ರಿಕರೆನ್ಸ್, ಮೂರೂ ಈ ಒಂದು ಸಾಲಿನಲ್ಲಿವೆ.

ಗ್ರಾಫ್ ಅಂದ್ರೆ ಗ್ರಾಫ್ ಶೀಟ್ ಮೇಲೆ ಎಳೆಯೋದಾ?

ಅಲ್ಲ. ಇಲ್ಲಿ ಗ್ರಾಫ್ ಎಂದರೆ ಚುಕ್ಕಿಗಳು ಮತ್ತು ಅವನ್ನು ಜೋಡಿಸುವ ಗೆರೆಗಳು. ಬೆಂಗಳೂರು ಮೆಟ್ರೊ ನಕ್ಷೆ ನೋಡಿ. ನಿಲ್ದಾಣ ಚುಕ್ಕಿ, ಹಳಿ ಗೆರೆ. ನೇರಳೆ ಮತ್ತು ಹಸಿರು ಮಾರ್ಗ ಸೇರುವ ಮೆಜೆಸ್ಟಿಕ್‌ನಿಂದ ನಾಲ್ಕು ಗೆರೆ ಹೊರಡುತ್ತವೆ, ಹಾಗಾಗಿ ಅದರ ಡಿಗ್ರಿ 4. ದೂರ ಎಷ್ಟು, ಗೆರೆ ಡೊಂಕೋ ನೇರವೋ, ಲೆಕ್ಕಕ್ಕಿಲ್ಲ.

ಇದು ಶುರುವಾದದ್ದು ಕೋನಿಗ್ಸ್‌ಬರ್ಗ್ ಎಂಬ ಊರಿನಿಂದ. ಈಗ ಅದು ರಷ್ಯಾದ ಕಲಿನಿನ್‌ಗ್ರಾಡ್. ನದಿ ಊರನ್ನು ನಾಲ್ಕು ಭಾಗ ಮಾಡಿತ್ತು, ಏಳು ಸೇತುವೆಗಳಿದ್ದವು. ಪ್ರತಿ ಸೇತುವೆಯನ್ನು ಒಂದೇ ಒಂದು ಸಲ ದಾಟಿ ಊರು ಸುತ್ತಬಹುದೇ? 1730ರ ದಶಕದಲ್ಲಿ ಆಯ್ಲರ್ ಆಗದು ಎಂದು ಸಾಧಿಸಿದ. ಒಂದು ಜಾಗಕ್ಕೆ ಒಂದು ಸೇತುವೆಯಿಂದ ಬಂದರೆ ಇನ್ನೊಂದರಿಂದ ಹೊರಡಬೇಕು. ಹಾಗಾಗಿ ಶುರು ಮತ್ತು ಕೊನೆ ಬಿಟ್ಟು ಉಳಿದ ಕಡೆ ಸೇತುವೆಗಳು ಜೋಡಿ ಜೋಡಿಯಾಗಿರಬೇಕು. ಆ ಊರಿನ ನಾಲ್ಕು ಭಾಗಗಳಿಗೆ ಇದ್ದದ್ದು 5, 3, 3, 3 ಸೇತುವೆ. ನಾಲ್ಕೂ ಬೆಸ. ಸಾವಿರ ದಾರಿ ನಡೆದು ನೋಡುವ ಬದಲು ಒಂದು ಕಾರಣ ಸಾಕಾಯಿತು.

ಕೋಡಿಂಗ್‌ಗೆ, ಇಂಟರ್‌ವ್ಯೂಗೆ ಇದರಿಂದ ಉಪಯೋಗ ಇದೆಯಾ?

ಇದೆ. ಡೇಟಾಬೇಸ್‌ನ ಟೇಬಲ್ ಎಂದರೆ ಇಲ್ಲಿ ಓದುವ ಸಂಬಂಧವೇ. ರಿಕರ್ಷನ್, ಅಂದರೆ ತನ್ನನ್ನೇ ಮತ್ತೆ ಕರೆಯುವ ಕೋಡ್ ಬರೆಯುವುದು ಇಂಡಕ್ಷನ್ ಅರ್ಥವಾದವರಿಗೆ ಸುಲಭ. ಗೇಟ್ ಕಂಪ್ಯೂಟರ್ ಸೈನ್ಸ್ ಪೇಪರ್‌ನಲ್ಲಿ ಡಿಸ್ಕ್ರೀಟ್‌ಗೆ ಜಾಗ ಇದೆ.

"ಗ್ರೂಪ್ ಥಿಯರಿ ಯಾರಿಗೆ ಬೇಕು" ಎಂದು ಕೇಳುವವರಿಗೆ ನಾನು ಆಧಾರ್ ನಂಬರ್ ತೋರಿಸುತ್ತೇನೆ. ಹನ್ನೆರಡರಲ್ಲಿ ಕೊನೆಯ ಅಂಕಿ ಉಳಿದ ಹನ್ನೊಂದರಿಂದ ಲೆಕ್ಕ ಹಾಕಿದ ಕಾವಲು ಅಂಕಿ. ಅದಕ್ಕೆ ಬಳಸುವ ವೆರ್ಹೋಫ್ ವಿಧಾನ ನಿಂತಿರುವುದು ಪಂಚಭುಜವನ್ನು ತಿರುಗಿಸುವ, ಮಗುಚುವ ಹತ್ತು ಚಲನೆಗಳ ಗ್ರೂಪ್ ಮೇಲೆ. ಒಂದು ಅಂಕಿ ತಪ್ಪಾಗಿ ಒತ್ತಿದರೂ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಅದು ಹಿಡಿಯುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದೆ. ಇಂಗ್ಲಿಷ್ ಪ್ರೂಫ್ ಓದಲು ಆಗುತ್ತಿಲ್ಲ.

ನಿಮಗೆ ಬೇಕಾದ ಅರ್ಧ ಪದಗಳು ಆಗಲೇ ಗೊತ್ತು. ಗಣ, ಉಪಗಣ, ಕ್ರಮಯೋಜನೆ, ವಿಕಲ್ಪ, ಅವಿಭಾಜ್ಯ ಸಂಖ್ಯೆ, ಮ.ಸಾ.ಅ. ಎಲ್ಲವೂ ಶಾಲೆಯಲ್ಲಿ ಬಂದಿವೆ. ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕನ್ನಡ ಪದ, ಬಲಕ್ಕೆ ಕ್ಲಾಸಿನ ಪದ ಬರೆದುಕೊಳ್ಳಿ. ಪ್ರೂಫ್ ಅನ್ನು ಮೊದಲು ಕನ್ನಡದಲ್ಲೇ ಯೋಚಿಸಿ ಬರೆಯಿರಿ. ಆಮೇಲೆ ಇಂಗ್ಲಿಷಿಗೆ ತನ್ನಿ. ಪ್ರೂಫ್‌ನ ಇಂಗ್ಲಿಷ್ ಬಹಳ ಸಣ್ಣದು. ಇಪ್ಪತ್ತು ಮೂವತ್ತು ವಾಕ್ಯಗಳೇ ಮತ್ತೆ ಮತ್ತೆ ಬರುತ್ತವೆ. ಕ್ಲಾಸಿನಲ್ಲಿ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲು ಹಿಂಜರಿಯಬೇಡಿ. ನನ್ನ ಕ್ಲಾಸಿನಲ್ಲಿ ಅತಿ ಒಳ್ಳೆಯ ಪ್ರಶ್ನೆಗಳು ಹಾಗೇ ಬಂದಿವೆ.

ಹಳೆಯ ಪ್ರಶ್ನೆಪತ್ರಿಕೆ ಮಾಡಿದರೆ ಸಾಕಾ? ಉತ್ತರ ಮೊಬೈಲ್‌ನಲ್ಲೇ ಸಿಗುತ್ತಲ್ಲ?

ಪಾಸ್ ಆಗಲು ಹಳೆಯ ಪೇಪರ್ ಸಹಾಯ ಮಾಡುತ್ತದೆ, ಅದನ್ನು ಮಾಡಬೇಡಿ ಎನ್ನುವುದಿಲ್ಲ. ಆದರೆ ಉತ್ತರ ನೋಡುವ ಮುಂಚೆ ಅರ್ಧ ಗಂಟೆ ನೀವೇ ಒದ್ದಾಡಿ. ಆ ಅರ್ಧ ಗಂಟೆಯಲ್ಲಿ ಕಲಿತದ್ದು ಉಳಿಯುತ್ತದೆ. ಬೇರೆಯವರ ಪ್ರೂಫ್ ಓದಿದಾಗ ಎಲ್ಲ ಅರ್ಥವಾದ ಹಾಗೆ ಅನ್ನಿಸುತ್ತದೆ. ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ಬರೆಯಲು ಹೋದಾಗ ನಿಜ ಗೊತ್ತಾಗುತ್ತದೆ. ಇಬ್ಬರು ಮೂವರು ಸೇರಿ ಓದಿ. ಒಬ್ಬರು ಬೋರ್ಡಿನ ಹತ್ತಿರ ನಿಂತು ವಿವರಿಸಲಿ, ಉಳಿದವರು ಪ್ರತಿ ಸಾಲಿಗೂ "ಯಾಕೆ?" ಎಂದು ಕೇಳಲಿ. ಎನ್‌ಪಿಟಿಇಎಲ್‌ನಲ್ಲಿ ಉಚಿತ ಪಾಠಗಳೂ ಇವೆ.

ಕ್ಲಾಸ್ ಶುರುವಾಗೋಕೆ ಮುಂಚೆ ಏನಾದರೂ ಮಾಡಿಕೊಂಡು ಬರಬೇಕಾ?

ಒಂದು ಲೆಕ್ಕ ಕೊಡುತ್ತೇನೆ. ಯಾವುದೇ ಆರು ಜನ ಒಂದು ಕಡೆ ಸೇರಲಿ. ಅವರಲ್ಲಿ ಪರಸ್ಪರ ಪರಿಚಯ ಇರುವ ಮೂವರು ಇರುತ್ತಾರೆ, ಇಲ್ಲವೇ ಪರಸ್ಪರ ಪರಿಚಯವೇ ಇಲ್ಲದ ಮೂವರು ಇರುತ್ತಾರೆ. ಎರಡರಲ್ಲಿ ಒಂದಾದರೂ ಆಗಲೇಬೇಕು. ಯಾಕೆ?

ಮೊದಲು ಐದು ಜನಕ್ಕೆ ನೋಡಿ, ಅಲ್ಲಿ ಈ ಮಾತು ತಪ್ಪಬಹುದು. ಐವರನ್ನು ದುಂಡಗೆ ಕೂರಿಸಿ, ಅಕ್ಕಪಕ್ಕದವರಿಗೆ ಮಾತ್ರ ಪರಿಚಯ ಇದೆ ಎಂದು ಗೆರೆ ಎಳೆದು ನೋಡಿ. ಆಮೇಲೆ ಆರಕ್ಕೆ ಬನ್ನಿ. ಆರರಲ್ಲಿ ಒಬ್ಬರನ್ನು ಹಿಡಿದುಕೊಳ್ಳಿ. ಉಳಿದ ಐವರಲ್ಲಿ ಅವರಿಗೆ ಪರಿಚಯ ಇರುವವರು ಎಷ್ಟು, ಇಲ್ಲದವರು ಎಷ್ಟು? ಒಂದು ಗುಂಪಿನಲ್ಲಿ ಮೂವರಾದರೂ ಇರಲೇಬೇಕಲ್ಲವೇ? ಅಲ್ಲಿಂದ ಮುಂದೆ ನೀವೇ ಹೋಗಿ. ಬರೆದ ಹಾಳೆಯನ್ನು ಮೊದಲ ಟ್ಯುಟೋರಿಯಲ್‌ಗೆ ತನ್ನಿ. ಅರ್ಧ ಆಗಿದ್ದರೂ ತನ್ನಿ.